ಜೇನು ಹೂವಿಗೆ ಬರುತ್ತದೆ, ಚಿಟ್ಟೆ ಎಲೆಗೂ ಬರುತ್ತದೆ

ಪ್ರಶ್ನೆ: ಬಾಗಿಲ ಪಕ್ಕ ನಮ್ಮದೊಂದು ಸಣ್ಣ ಕೈತೋಟ ಇದೆ. ಮಧ್ಯೆ ಕೂರಲು ಕಲ್ಲುಕಟ್ಟೆ. ಹೋದ ತಿಂಗಳು ಮಗನಿಗೆ ಜೇನು ಕಚ್ಚಿ ಕೈ ಊದಿಕೊಂಡಿತು. ಅವತ್ತಿನಿಂದ ಅವನು ಹೊರಗೆ ಕೂರುವುದೇ ಇಲ್ಲ. ಮಗಳಿಗೆ ಚಿಟ್ಟೆ ಅಂದರೆ ಪ್ರಾಣ. ಚಿಟ್ಟೆ ಬರಬೇಕು, ಜೇನು ಬರಬಾರದು, ಅಂಥ ಗಿಡ ಯಾವುದು? ತುಳಸಿ, ಪುದೀನ, ಚೆಂಡುಹೂವು ಇದ್ದರೆ ಜೇನು ಹತ್ತಿರ ಸುಳಿಯಲ್ಲ ಅಂತ ಕೇಳಿ ಕಟ್ಟೆಯ ಸುತ್ತ ಹಾಕಿದೆ. ಜೇನು ಇನ್ನೂ ಜಾಸ್ತಿ ಆಯಿತು. ಗುಲಾಬಿ, ದಾಸವಾಳ, ಸೇವಂತಿಗೆ ಎಲ್ಲ ಅರಳಿದ್ದರೂ ಚಿಟ್ಟೆ ಮಾತ್ರ ಇಲ್ಲ. ಜೊತೆಗೆ ಕುಂಡದ ನಿಂಬೆ ಗಿಡದ ಎಲೆಯನ್ನು ಯಾವುದೋ ಹಸಿರು ಹುಳು ತಿಂದು ಬೋಳು ಮಾಡುತ್ತಿದೆ. ಅದಕ್ಕೂ ಒಂದು ಔಷಧಿ ಹೇಳಿ.

ಉತ್ತರ: ಮೊದಲು ಮಗನ ವಿಷಯ ಹೇಳಿಬಿಡುತ್ತೇನೆ, ಗಿಡದ ಮಾತು ಆಮೇಲೆ. ಜೇನು ಕಚ್ಚಿದ ಜಾಗ ಊದಿ, ಕೆಂಪಾಗಿ, ಒಂದೆರಡು ದಿನ ನೋಯುವುದು ಸಾಮಾನ್ಯ. ಆದರೆ ಮೈತುಂಬ ದದ್ದು ಎದ್ದಿದ್ದರೆ, ತುಟಿ ಅಥವಾ ನಾಲಿಗೆ ಊದಿದ್ದರೆ, ಉಸಿರಾಡಲು ಕಷ್ಟವಾಗಿದ್ದರೆ, ತಲೆ ಸುತ್ತು ಬಂದಿದ್ದರೆ ಅದು ಅಲರ್ಜಿ. ಹಾಗೇನಾದರೂ ಆಗಿದ್ದರೆ ಗಿಡ ಬದಲಾಯಿಸುವ ಮೊದಲು ವೈದ್ಯರಿಗೆ ತೋರಿಸಿ. ಇನ್ನೊಮ್ಮೆ ಹಾಗೆ ಆದರೆ ಒಂದು ನಿಮಿಷವೂ ಕಾಯದೆ ಆಸ್ಪತ್ರೆಗೆ ಹೋಗಬೇಕು.

ಸಾದಾ ಕಡಿತವಾದರೂ ಕೊಂಡಿಯನ್ನು ತಕ್ಷಣ ತೆಗೆಯಬೇಕು. ಜೇನಿನ ಕೊಂಡಿಗೆ ಗಾಳದ ಹಾಗೆ ಹಿಂದಕ್ಕೆ ಬಾಗಿದ ಮುಳ್ಳುಗಳಿವೆ. ಅದು ನಮ್ಮ ಚರ್ಮದಲ್ಲಿ ಸಿಕ್ಕಿಕೊಂಡು, ವಿಷದ ಚೀಲದ ಸಮೇತ ಕಿತ್ತು ಬರುತ್ತದೆ. ಜೇನು ಹೋದ ಮೇಲೂ ಆ ಚೀಲ ವಿಷ ಒತ್ತುತ್ತಲೇ ಇರುತ್ತದೆ. ಉಗುರಿನಲ್ಲಿ ಕೆರೆದೋ ಚಿಮುಟಿಯೋ, ಹೇಗಾದರೂ ಬೇಗ ತೆಗೆದರೆ ಆಯಿತು. ಆಮೇಲೆ ಆ ಜಾಗ ಬಿಟ್ಟು ಒಳಗೆ ಹೋಗಿ. ಕೊಂಡಿಯಿಂದ ಬಾಳೆಹಣ್ಣಿನಂಥ ಒಂದು ವಾಸನೆ ಹೊರಡುತ್ತದೆ. ಉಳಿದ ಜೇನುಗಳಿಗೆ ಅದು ‘ಇಲ್ಲಿ ಅಪಾಯ ಇದೆ, ಬನ್ನಿ’ ಅನ್ನುವ ಕೂಗು.

ಇನ್ನು ಗಿಡ. ನಿಮ್ಮ ಪ್ರಶ್ನೆಯ ಕೊನೆಯ ಸಾಲು ಓದಿ ನನಗೆ ಎದೆ ಝಲ್ ಎಂದಿತು. ನಿಂಬೆ ಎಲೆ ತಿನ್ನುತ್ತಿರುವ ಆ ಹಸಿರು ಹುಳು, ನಿಮ್ಮ ಮಗಳು ಕಾಯುತ್ತಿರುವ ಚಿಟ್ಟೆಯೇ ಆಗಿರುವ ಸಾಧ್ಯತೆ ತುಂಬಾ ಜಾಸ್ತಿ. ದಯವಿಟ್ಟು ಇದನ್ನು ಓದಿ ಮುಗಿಸುವ ತನಕ ಗಿಡಕ್ಕೆ ಏನನ್ನೂ ಸಿಂಪಡಿಸಬೇಡಿ. ಅದರ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ.

ಜೇನನ್ನು ಓಡಿಸುವ ಗಿಡ ಅಂತ ಯಾವುದೂ ಇಲ್ಲ. ಈ ಒಂದು ಮಾತು ಮನಸ್ಸಿಗೆ ಬಂದರೆ ಉಳಿದದ್ದೆಲ್ಲ ಸುಲಭ. ತುಳಸಿ, ಪುದೀನದ ಘಾಟು ಇರುವುದು ಎಲೆಯಲ್ಲಿ. ಎಲೆ ಮೇಯುವ ಕೀಟಗಳನ್ನು ದೂರ ಇಡಲು ಗಿಡ ಮಾಡಿಕೊಂಡ ಏರ್ಪಾಡು ಅದು. ಜೇನಿಗೂ ಆ ಎಲೆಗೂ ಸಂಬಂಧವೇ ಇಲ್ಲ, ಅದು ಬರುವುದು ಹೂವಿಗೆ, ಮಕರಂದಕ್ಕೆ, ಪರಾಗಕ್ಕೆ. ಬೆಳಿಗ್ಗೆ ಹೊತ್ತು ತುಳಸಿಯ ತೆನೆ ನೋಡಿ. ಸಾಸಿವೆಗಿಂತ ತುಸು ದೊಡ್ಡ ಹೂವು ಅಷ್ಟೆ, ಆದರೂ ಜೇನು ಒಂದನ್ನೂ ಬಿಡದೆ, ಕೆಳಗಿನಿಂದ ಮೇಲಕ್ಕೆ ತೆನೆ ಹತ್ತುತ್ತಾ ಹೋಗುತ್ತದೆ. ಪುದೀನ ಹೂ ಬಿಟ್ಟರೂ ಹೀಗೆಯೇ. ನೀಲಗಿರಿ ಮರದ ವಾಸನೆಗೆ ಜೇನು ಬರಲ್ಲ ಅನ್ನುತ್ತಾರೆ. ಜೇನು ಸಾಕುವವರನ್ನು ಕೇಳಿದರೆ ನೀಲಗಿರಿ ಹೂ ಬಿಡುವ ಕಾಲಕ್ಕೆ ಪೆಟ್ಟಿಗೆ ತುಂಬುತ್ತದೆ ಅನ್ನುತ್ತಾರೆ. ಸೌತೆ ಬಳ್ಳಿ ಜೇನನ್ನು ದೂರ ಇಡುತ್ತದೆ ಅನ್ನುವ ಮಾತಂತೂ ಪೂರ್ತಿ ತಲೆಕೆಳಗು. ಸಾಮಾನ್ಯ ಸೌತೆಯಲ್ಲಿ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ಜೇನಿನಂಥ ಕೀಟ ಬಂದು ಪರಾಗ ದಾಟಿಸದಿದ್ದರೆ ಕಾಯಿಯೇ ಕಚ್ಚುವುದಿಲ್ಲ.

ಹಾಗಾಗಿ ನೀವು ಮಾಡಿದ್ದು ತಪ್ಪಲ್ಲ, ಕೇಳಿದ ಮಾತು ತಪ್ಪಿತ್ತು. ಕಟ್ಟೆಯ ಸುತ್ತ ಜೇನಿಗೆ ತುಂಬಾ ಇಷ್ಟವಾದ ಹೂಗಳನ್ನೇ ಗುಂಪಾಗಿ ಹಾಕಿದ್ದೀರಿ. ಅವತ್ತು ಮಗ ಯಾವುದೋ ಹೂವನ್ನು ಹಿಡಿದಾಗ ಒಳಗಿದ್ದ ಜೇನು ಕೈಗೆ ಸಿಕ್ಕಿರಬಹುದು. ಹೂವಿನ ಮೇಲೆ ಕೆಲಸದಲ್ಲಿರುವ ಜೇನು ತಾನಾಗಿ ಮೇಲೆ ಬೀಳುವುದಿಲ್ಲ. ಕೈಗೆ ಸಿಕ್ಕಿಕೊಂಡಾಗ, ಬರಿಗಾಲಿನಲ್ಲಿ ತುಳಿದಾಗ, ಕೂದಲಲ್ಲಿ ಸಿಕ್ಕಿಬಿದ್ದಾಗ ಕಚ್ಚುತ್ತದೆ. ಒಮ್ಮೆ ಕಚ್ಚಿದರೆ ಅದರ ಕಥೆ ಮುಗಿಯಿತು, ಕೊಂಡಿಯ ಜೊತೆ ಕರುಳೂ ಕಿತ್ತು ಬಂದು ಸಾಯುತ್ತದೆ. ಗೂಡಿನ ಹತ್ತಿರ ಮಾತ್ರ ಅದರ ರೀತಿ ಬೇರೆ. ಅಲ್ಲಿ ಅದು ಕಾವಲುಗಾರ. ಮನೆಯ ಸೂರಿಗೋ ಪಕ್ಕದ ಮರಕ್ಕೋ ಹೆಜ್ಜೇನು ಗೂಡು ಕಟ್ಟಿದ್ದರೆ ಯಾವ ಗಿಡ ಹಾಕಿದರೂ ಪ್ರಯೋಜನ ಇಲ್ಲ. ಗೂಡನ್ನು ಸಾಯಿಸದೆ ಸ್ಥಳಾಂತರಿಸಲು ಬಲ್ಲವರನ್ನು ಕರೆಸಬೇಕು. ಹೊಗೆ, ಬೆಂಕಿ, ಕಲ್ಲು ಅಂತ ನೀವೇ ಹೋಗಬೇಡಿ.

ಈಗ ಜೇನಿನ ಕಣ್ಣಿನ ವಿಷಯ. ಗಿಡ ಆರಿಸುವಾಗ ಇದು ತುಂಬಾ ಕೆಲಸಕ್ಕೆ ಬರುತ್ತದೆ. ನೂರು ವರ್ಷಕ್ಕೂ ಹಿಂದೆ ಕಾರ್ಲ್ ಫಾನ್ ಫ್ರಿಶ್ ಎಂಬ ವಿಜ್ಞಾನಿ ಒಂದು ಸರಳ ಪ್ರಯೋಗ ಮಾಡಿದರು. ಬೇರೆ ಬೇರೆ ಗಾಢತೆಯ ಬೂದು ಕಾರ್ಡುಗಳ ಮಧ್ಯೆ ಒಂದು ನೀಲಿ ಕಾರ್ಡ್ ಇಟ್ಟು, ಅದರ ಮೇಲೆ ಮಾತ್ರ ಸಕ್ಕರೆ ನೀರು ಇಟ್ಟರು. ಜೇನುಗಳು ಕಲಿತವು. ಆಮೇಲೆ ಸಕ್ಕರೆ ನೀರು ತೆಗೆದು, ಕಾರ್ಡುಗಳ ಜಾಗ ಬದಲಾಯಿಸಿದರೂ ನೀಲಿ ಕಾರ್ಡಿಗೇ ಬಂದವು. ಅದೇ ಪಾಠವನ್ನು ಕೆಂಪು ಕಾರ್ಡಿನಲ್ಲಿ ಕಲಿಸಲು ಹೋದಾಗ ಅವಕ್ಕೆ ಗೊಂದಲವಾಯಿತು. ಕೆಂಪು ಯಾವುದು, ಗಾಢ ಬೂದು ಯಾವುದು ಅಂತ ಗುರುತು ಹತ್ತಲಿಲ್ಲ. ಜೇನಿನ ಕಣ್ಣು ನೀಲಿ, ಹಸಿರು ಮತ್ತು ನಮಗೆ ಕಾಣದ ಅತಿನೇರಳೆ ಬೆಳಕನ್ನು ಹಿಡಿಯುತ್ತದೆ. ಕೆಂಪನ್ನು ಹಿಡಿಯುವ ಕೋಶ ಅದಕ್ಕಿಲ್ಲ. ಫಾನ್ ಫ್ರಿಶ್ ಅವರಿಗೆ 1973ರಲ್ಲಿ ನೊಬೆಲ್ ಬಂತು.

ಚಿಟ್ಟೆಯ ಕಣ್ಣು ಇನ್ನೂ ದೊಡ್ಡ ಅದ್ಭುತ. ಬಣ್ಣ ನೋಡಲು ನಮ್ಮ ಕಣ್ಣಲ್ಲಿ ಮೂರು ಬಗೆಯ ಕೋಶಗಳು. ನೀಲಿ ಪಟ್ಟೆಯ ಒಂದು ಚಿಟ್ಟೆಯ ಜಾತಿಯಲ್ಲಿ ಬೆಳಕು ಹಿಡಿಯುವ 15 ಬಗೆಯ ಕೋಶಗಳು ಸಿಕ್ಕಿವೆ. ಬಹಳಷ್ಟು ಚಿಟ್ಟೆಗಳಿಗೆ ಕೆಂಪು ಚೆನ್ನಾಗಿ ಕಾಣುತ್ತದೆ.

ಹಾಗಂತ ಕೆಂಪು ಹೂವಿಗೆ ಜೇನು ಬರುವುದೇ ಇಲ್ಲ ಅಂದುಕೊಳ್ಳಬೇಡಿ. ಬಣ್ಣ ಕಾಣದಿದ್ದರೂ ಆಕಾರ ಕಾಣುತ್ತದೆ, ವಾಸನೆ ಸಿಗುತ್ತದೆ, ಎಷ್ಟೋ ಕೆಂಪು ಹೂಗಳು ಅತಿನೇರಳೆಯನ್ನೂ ಚಿಮ್ಮಿಸುತ್ತವೆ. ಬಣ್ಣಕ್ಕಿಂತ ಗಟ್ಟಿಯಾದ ಅಳತೆ ಹೂವಿನ ಕೊಳವೆಯ ಉದ್ದ. ಜೇನಿನ ನಾಲಿಗೆ ಬರೀ 5-6 ಮಿಲಿಮೀಟರ್. ಕೇಪಳದ ಹೂವನ್ನು ತೆಗೆದುಕೊಳ್ಳಿ, ನರ್ಸರಿಯವರು ಇಕ್ಸೋರ ಅನ್ನುತ್ತಾರಲ್ಲ, ಅದು. ನಾಲ್ಕು ಪುಟ್ಟ ಎಸಳು, ಅದರ ಕೆಳಗೆ ದಾರದಷ್ಟು ತೆಳುವಾದ ಕೊಳವೆ, ಉದ್ದ 3-4 ಸೆಂಟಿಮೀಟರ್. ಮಕರಂದ ಇರುವುದು ಅದರ ತಳದಲ್ಲಿ. ಜೇನು ಬಂದು ಗೊಂಚಲಿನ ಮೇಲೆ ಒಂದು ಸುತ್ತು ಹಾಕಿ, ಬಾಯಿ ಹಾಕಿ ನೋಡಿ, ಏನೂ ಸಿಗದೆ ಹೋಗುತ್ತದೆ. ಹಿಂದೆಯೇ ಒಂದು ದೊಡ್ಡ ಚಿಟ್ಟೆ ಬರುತ್ತದೆ. ಸುರುಳಿ ಸುತ್ತಿದ ಹೀರುಕೊಳವೆಯನ್ನು ಬಿಚ್ಚಿ, ರೆಕ್ಕೆ ಬಡಿಯುತ್ತಲೇ ಒಂದೊಂದೇ ಹೂವಿನೊಳಗೆ ಸೂಜಿಗೆ ದಾರ ಪೋಣಿಸಿದ ಹಾಗೆ ಇಳಿಸುತ್ತದೆ. ಅದನ್ನು ಎರಡಡಿ ದೂರದಿಂದ ನೋಡಲು ಆ ಕಲ್ಲುಕಟ್ಟೆಯೇ ಸರಿಯಾದ ಜಾಗ.

ಪೆಂಟಾಸ್ ಕೂಡ ಇದೇ ಜಾಯಮಾನದ್ದು, ಕೊಳವೆ ಸ್ವಲ್ಪ ಗಿಡ್ಡ. ಕಾಗದದ ಹೂವಿನಲ್ಲಿ ಬಣ್ಣದ್ದು ಹೂವಲ್ಲ, ಎಲೆಯದೇ ಒಂದು ರೂಪ. ನಿಜವಾದ ಹೂವು ಒಳಗಿರುವ ಸಣ್ಣ ಬಿಳಿ ಕೊಳವೆ. ಜೇನಿಗೆ ಅಲ್ಲಿ ಹೆಚ್ಚು ಕೆಲಸ ಇಲ್ಲ. ಮುಳ್ಳಿದೆ, ಅದೊಂದು ನೋಡಿಕೊಳ್ಳಿ. ಬಡಗಿ ದುಂಬಿ ಮಾತ್ರ ಈ ಲೆಕ್ಕಕ್ಕೆಲ್ಲ ಜಗ್ಗುವುದಿಲ್ಲ. ಕಪ್ಪಗೆ, ದಪ್ಪಗೆ, ಗುಂಯ್ ಅಂತ ಬರುತ್ತದಲ್ಲ, ಅದೇ. ಉದ್ದ ಕೊಳವೆಯ ಹೂವಾದರೆ ಬುಡಕ್ಕೇ ತೂತು ಕೊರೆದು ಮಕರಂದ ಕದಿಯುತ್ತದೆ. ಆಮೇಲೆ ಅದೇ ತೂತಿಗೆ ಜೇನೂ ಬಾಯಿ ಹಾಕುತ್ತದೆ. ಮಗನಿಗೆ ಇದನ್ನು ಹೇಳಿ: ಮುಖದೆದುರು ಗಾಳಿಯಲ್ಲಿ ನಿಂತು ನಮ್ಮನ್ನೇ ನೋಡುವ ಆ ದುಂಬಿ ಸಾಮಾನ್ಯವಾಗಿ ಗಂಡು. ಗಂಡಿಗೆ ಕೊಂಡಿಯೇ ಇಲ್ಲ. ಜೇನು, ಈ ದುಂಬಿ ಎಲ್ಲ ಸೇರಿದ ಬಳಗದಲ್ಲಿ ಜಗತ್ತಿನಲ್ಲಿ ಗುರುತಿಸಿರುವ ಜಾತಿಗಳು 20,000ಕ್ಕೂ ಹೆಚ್ಚು. ಅವುಗಳಲ್ಲಿ ಬಹುಪಾಲು ಒಂಟಿಯಾಗಿ ಬದುಕುವಂಥವು. ಕಾಯಲು ದೊಡ್ಡ ಗೂಡಿಲ್ಲದ್ದರಿಂದ ಅವು ಜಗಳಕ್ಕೆ ಬರುವುದು ತೀರಾ ಕಡಿಮೆ. ಹೆದರಿದ ಮಗುವಿಗೆ ‘ಏನೂ ಮಾಡಲ್ಲ ಬಿಡು’ ಅನ್ನುವುದಕ್ಕಿಂತ ಯಾವುದು ಕಚ್ಚುತ್ತದೆ, ಯಾವುದು ಕಚ್ಚುವುದಿಲ್ಲ ಅಂತ ತೋರಿಸಿಕೊಟ್ಟರೆ ಭಯ ಬೇಗ ಇಳಿಯುತ್ತದೆ. ಇದು ನನ್ನ ಅನುಭವ.

ನಿಮ್ಮ ಗುಲಾಬಿ, ದಾಸವಾಳ, ಸೇವಂತಿಗೆಗೆ ಚಿಟ್ಟೆ ಏಕೆ ಬರಲಿಲ್ಲ? ನೀವು ಬರೆದಿಲ್ಲ, ಆದರೆ ಅವು ಸುತ್ತುಸುತ್ತು ಎಸಳಿನ ತಳಿಗಳೇ ಇರಬೇಕು. ಹೂವಿನ ಮಧ್ಯೆ ಕೇಸರಗಳು ಇರಬೇಕಾದ ಜಾಗದಲ್ಲಿ ಎಸಳುಗಳೇ ಬೆಳೆಯುವಂತೆ ಮನುಷ್ಯ ಆರಿಸಿ ಆರಿಸಿ ಬೆಳೆಸಿದ ತಳಿಗಳು ಅವು. ನಮ್ಮ ಕಣ್ಣಿಗೆ ತುಂಬಿದ ಹೂವು, ಕೀಟಕ್ಕೆ ಬೀಗ ಹಾಕಿದ ಮನೆ. ಪರಾಗ ಇಲ್ಲ ಅಥವಾ ತೀರಾ ಕಡಿಮೆ, ಮಕರಂದಕ್ಕೆ ದಾರಿ ಇಲ್ಲ. ಇದು ನಿಮಗೆ ಎರಡು ಕಡೆಗೂ ಉಪಯೋಗಕ್ಕೆ ಬರುವ ವಿಷಯ. ಜೇನು ಬೇಡವಾದ ಕಡೆ, ಅಂದರೆ ಬಾಗಿಲು ಮತ್ತು ಕಟ್ಟೆಯ ಹತ್ತಿರ, ಈ ತುಂಬು ಎಸಳಿನ ಗುಲಾಬಿ ದಾಸವಾಳಗಳನ್ನೇ ಇಡಿ. ಬಣ್ಣಕ್ಕೆ ಬಣ್ಣ, ಜೇನಿನ ಕಾಟವೂ ಕಡಿಮೆ. ಕೀಟ ಬೇಕಾದ ಕಡೆ ಒಂದೇ ಸುತ್ತು ಎಸಳಿರುವ, ಮಧ್ಯದ ಹಳದಿ ಭಾಗ ಎದ್ದು ಕಾಣುವ ಹೂಗಳನ್ನು ಹಾಕಿ.

ಇನ್ನು ನಾನು ಮುಖ್ಯವಾಗಿ ಹೇಳಬೇಕಾದದ್ದಕ್ಕೆ ಬರುತ್ತೇನೆ. ಹೂವನ್ನು ಎಷ್ಟು ಅಳೆದು ತೂಗಿ ಆರಿಸಿದರೂ ಜೇನು, ಚಿಟ್ಟೆ ಎರಡನ್ನೂ ಪೂರ್ತಿ ಬೇರೆ ಮಾಡಲು ಆಗುವುದಿಲ್ಲ. ಚಿಟ್ಟೆ ಕುಡಿಯುವ ಬಹಳಷ್ಟು ಹೂಗಳಲ್ಲಿ ಜೇನೂ ಕುಡಿಯುತ್ತದೆ. ಆದರೆ ಒಂದು ವ್ಯತ್ಯಾಸ ಇದೆ. ಜೇನು ತನ್ನ ಮರಿಗಳಿಗೆ ಊಟ ಒಯ್ಯುವುದು ಹೂವಿನಿಂದ. ಚಿಟ್ಟೆ ತನ್ನ ಮರಿಗಳಿಗೆ ಊಟ ಹುಡುಕುವುದು ಎಲೆಯಲ್ಲಿ. ಹೂವು ಚಿಟ್ಟೆಗೆ ದಾರಿಯಲ್ಲಿ ಸಿಕ್ಕುವ ಪಾನಕದ ಅಂಗಡಿ ಇದ್ದ ಹಾಗೆ, ಕುಡಿದು ಹೋಗುತ್ತದೆ. ಎಲೆ ಅದರ ಮನೆ. ಮೊಟ್ಟೆ ಇಡುವುದು ಅಲ್ಲೇ, ಹುಳು ಬೆಳೆಯುವುದು ಅಲ್ಲೇ. ಹೆಚ್ಚಿನ ಜಾತಿಯ ಚಿಟ್ಟೆಗಳಿಗೆ ಗೊತ್ತಾದ ಕೆಲವು ಬಗೆಯ ಎಲೆಯೇ ಆಗಬೇಕು, ಬೇರೆ ಎಲೆಯಲ್ಲಿ ಹುಳು ಬದುಕುವುದಿಲ್ಲ. ತಾಯಿಚಿಟ್ಟೆ ಕಾಲಿನಿಂದ ಎಲೆಯನ್ನು ತಟ್ಟಿ ತಟ್ಟಿ ರುಚಿ ನೋಡುತ್ತದೆ. ಹೌದು, ಚಿಟ್ಟೆಗೆ ಕಾಲಿನಲ್ಲೂ ರುಚಿ ತಿಳಿಯುತ್ತದೆ.

ಹಾಗಾಗಿ ಹೂವಿನ ಬದಲು ಎಲೆ ಆರಿಸಿ. ಚಿಟ್ಟೆಗೆ ಬೇಕಾದ ಎಲೆ, ಆದರೆ ಜೇನಿಗೆ ಬೇಡವಾದ ಹೂವು, ಅಂಥ ಗಿಡಗಳು ನಿಜಕ್ಕೂ ಇವೆ.

ಸೀತಾಫಲ ಅಂಥದ್ದು. ಅದರ ಹಸಿರು ಹೂವಿನೊಳಗೆ ಹೋಗುವುದು ಸಣ್ಣ ಸಣ್ಣ ಜೀರುಂಡೆಗಳು, ಜೇನಲ್ಲ. ಎಲೆಗೆ ಬರುವುದು ಕಪ್ಪು ರೆಕ್ಕೆಯ ಮೇಲೆ ಎಳೆ ಹಸಿರು ಚುಕ್ಕೆಗಳ, ಒಂದು ಕ್ಷಣವೂ ಸುಮ್ನೆ ಕೂರದ ಬಾಲದ ಚಿಟ್ಟೆ. ಸಾಲಾಗಿ ನೆಟ್ಟಗೆ ಬೆಳೆಸುತ್ತಾರಲ್ಲ, ಅಶೋಕ ಅಂತ ಕರೆಯುವ ಉದ್ದದ ಮರ, ಅದರ ಎಲೆಯಲ್ಲೂ ಇದೇ ಚಿಟ್ಟೆ ಮೊಟ್ಟೆ ಇಡುತ್ತದೆ. ಈಶ್ವರಿ ಬಳ್ಳಿ ಇನ್ನೊಂದು. ಅದರ ಹೂವು ಪುಟಾಣಿ ನೊಣಗಳನ್ನು ಒಳಗೆಳೆದುಕೊಂಡು ಸ್ವಲ್ಪ ಹೊತ್ತು ಕೂಡಿಹಾಕಿ ಬಿಡುವ ಒಂದು ಬೋನು. ಜೇನಿಗೆ ಅಲ್ಲಿ ಏನೂ ಇಲ್ಲ. ಎಲೆಗೆ ಬರುವುದು ಕೆಂಪು ಮೈಯ, ಕಪ್ಪು ರೆಕ್ಕೆಯ ಗುಲಾಬಿ ಚಿಟ್ಟೆಗಳು. ಈ ಬಳ್ಳಿ ಕೊಳ್ಳುವಾಗ ಒಂದು ಎಚ್ಚರ ಬೇಕು. ಇದೇ ಕುಲದ, ದೊಡ್ಡ ಚಿತ್ತಾರದ ಹೂ ಬಿಡುವ ಅಲಂಕಾರದ ಬಳ್ಳಿಗಳೂ ಸಿಗುತ್ತವೆ. ಆಸ್ಟ್ರೇಲಿಯಾದ ಒಂದು ದೊಡ್ಡ ಚಿಟ್ಟೆ ಅಂಥ ಬಳ್ಳಿಯನ್ನು ತನ್ನ ಬಳ್ಳಿ ಅಂದುಕೊಂಡು ಮೊಟ್ಟೆ ಇಟ್ಟು, ಹುಳುಗಳೆಲ್ಲ ಆ ಎಲೆ ತಿಂದು ಸತ್ತದ್ದು ದಾಖಲಾಗಿದೆ. ನಿಮ್ಮ ಸುತ್ತಿನಲ್ಲಿ ತಾನಾಗಿ ಬೆಳೆಯುವ ಜಾತಿಯನ್ನೇ ಹಾಕಿ. ಮಕ್ಕಳು ಇದನ್ನು ಬಾಯಿಗೆ ಹಾಕದ ಹಾಗೆ ನೋಡಿಕೊಳ್ಳಿ, ಇದರಲ್ಲಿರುವ ಆಮ್ಲ ಮೂತ್ರಪಿಂಡಕ್ಕೆ ಕೆಟ್ಟದ್ದು.

ಜಾಗ ತೀರಾ ಕಡಿಮೆ ಇದ್ದರೆ ಒಂದೇ ಒಂದು ಕುಂಡದಲ್ಲಿ ಕಾಡುಬಸಳೆ ಸಾಕು, ದಪ್ಪ ಎಲೆಯ ಅಂಚಿನಿಂದ ಮರಿಗಿಡ ಒಡೆಯುತ್ತದಲ್ಲ, ಅದು. ಅದಕ್ಕೆ ಬರುವ ಚಿಟ್ಟೆ ಉಗುರಿನಷ್ಟು ಚಿಕ್ಕದು. ರೆಕ್ಕೆಯ ಕೆಳಗೆ ಬಿಳಿ, ಕಪ್ಪು ಚುಕ್ಕೆ, ಅಂಚಿನಲ್ಲಿ ಕಿತ್ತಳೆ ಕೆಂಪು. ಅದರ ಹುಳು ಎಲೆಯ ಮೇಲೆ ಕೂತು ತಿನ್ನುವುದಿಲ್ಲ, ದಪ್ಪ ಎಲೆಯ ಒಳಗೇ ಸುರಂಗ ಕೊರೆದು ಇರುತ್ತದೆ. ಎಲೆಯನ್ನು ಬೆಳಕಿಗೆ ಹಿಡಿದರೆ ಒಳಗೆ ಹುಳು ಹರಿಯುವುದು ಕಾಣುತ್ತದೆ. ಮಗಳಿಗೆ ಇದೊಂದನ್ನು ತೋರಿಸಿ. ಚಿಟ್ಟೆ ಎಲ್ಲಿಂದ ಬರುತ್ತದೆ ಅಂತ ಆಮೇಲೆ ಯಾರೂ ಹೇಳಿಕೊಡಬೇಕಾಗಿಲ್ಲ. ಕುಂಡದ ತಾಳೆ ಗಿಡಗಳಿಗೆ, ಉದ್ದ ಬಿಟ್ಟ ಹುಲ್ಲಿಗೆ ಬರುವ ಕಂದು ಚಿಟ್ಟೆಗಳೂ ಇವೆ. ಮಂಕು ಬಣ್ಣ, ಮುಸ್ಸಂಜೆಯ ಹಾರಾಟ, ಹಾಗಾಗಿ ಅವನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ನನಗೆ ಅವು ತುಂಬಾ ಇಷ್ಟ. ಕರಿಬೇವಿನ ಎಲೆಗೆ ನಿಂಬೆಯ ಚಿಟ್ಟೆಯೇ ಬರುತ್ತದೆ. ಕರಿಬೇವು ಹೂ ಬಿಟ್ಟಾಗ ಜೇನು ಬರುತ್ತದೆ, ಮೊಗ್ಗಿನಲ್ಲೇ ಚಿವುಟಿದರೆ ಆಯಿತು.

ಎಕ್ಕ ಮತ್ತು ಹರಳು ಚಿಟ್ಟೆಗೆ ಒಳ್ಳೆಯವೇ, ಆದರೆ ಮಕ್ಕಳಿರುವ ಮನೆಯ ಬಾಗಿಲಿಗೆ ಬೇಡ. ಎಕ್ಕದ ಹಾಲು ಕಣ್ಣಿಗೆ ಬಿದ್ದರೆ ಅಪಾಯ, ಹೂವಿಗೆ ಬಡಗಿ ದುಂಬಿಗಳು ಮುತ್ತುತ್ತವೆ. ಹರಳಿನ ಬೀಜ ತೀರಾ ವಿಷ. ಕಣಗಿಲೆಯೂ ಹಾಗೆಯೇ, ಅಡಿಯಿಂದ ಮುಡಿಯವರೆಗೆ ವಿಷ.

ನಾನು ಹೇಳಿದ್ದೆಲ್ಲ ಬೆಚ್ಚಗಿನ ಹವೆಯ ಗಿಡಗಳು. ಜಾಗ ಬದಲಾದರೆ ಗಿಡದ ಹೆಸರು ಬದಲಾಗುತ್ತದೆ, ಲೆಕ್ಕ ಅದೇ. ಯುರೋಪಿನ ನವಿಲುಗಣ್ಣಿನ ಚಿಟ್ಟೆಗೆ ತುರಿಕೆ ಸೊಪ್ಪಿನ ಗಿಡ ಬೇಕು, ಉತ್ತರ ಅಮೆರಿಕದ ಮೊನಾರ್ಕ್‌ಗೆ ಎಕ್ಕದ ಸಂಬಂಧಿಯಾದ ಹಾಲುಗಿಡ ಬೇಕು.

ಈಗ ನಿಮ್ಮ ಅಂಗಳದಲ್ಲಿ ಯಾವುದು ಎಲ್ಲಿ ಅನ್ನುವುದನ್ನು ನೋಡೋಣ. ತುಳಸಿ, ಪುದೀನ, ಚೆಂಡುಹೂವನ್ನು ಕಿತ್ತು ಎಸೆಯಬೇಡಿ, ಕಟ್ಟೆಯಿಂದ ಆದಷ್ಟು ದೂರದ ಬಿಸಿಲ ಮೂಲೆಗೆ ಸಾಗಿಸಿ. ಅಲ್ಲಿ ಒತ್ತೊತ್ತಾಗಿ, ಒಂದೇ ಜಾತಿಯನ್ನು ಗುಂಪಾಗಿ ಹಾಕಿ. ಜೇನಿಗೆ ಒಂದು ಅಭ್ಯಾಸ ಇದೆ. ಒಂದು ಸಲ ಹೊರಟರೆ ಆ ಓಡಾಟದಲ್ಲಿ ಹೆಚ್ಚಾಗಿ ಒಂದೇ ಜಾತಿಯ ಹೂಗಳನ್ನೇ ಹುಡುಕಿಕೊಂಡು ಹೋಗುತ್ತದೆ. ಒಂದೇ ಹೂವಿನ ದೊಡ್ಡ ಗುಂಪು ಸಿಕ್ಕರೆ ಅಲ್ಲೇ ನಿಲ್ಲುತ್ತದೆ. ಒಳ್ಳೆಯ ಜಾಗ ಸಿಕ್ಕ ಜೇನು ಗೂಡಿಗೆ ಹೋಗಿ ಕುಣಿದು, ದಿಕ್ಕು ದೂರ ಎರಡನ್ನೂ ಉಳಿದವಕ್ಕೆ ತಿಳಿಸುತ್ತದೆ. ಆ ಕುಣಿತದ ಅರ್ಥ ಬಿಡಿಸಿದವರೂ ಫಾನ್ ಫ್ರಿಶ್ ಅವರೇ. ಮೂಲೆಯ ಗುಂಪಿಗೆ ಒಂಟಿ ಸುತ್ತಿನ ಸೂರ್ಯಕಾಂತಿ, ಕಾಸ್ಮಾಸ್, ಹೂ ಬಿಡಲು ಬಿಟ್ಟ ಕೊತ್ತಂಬರಿ ಮತ್ತು ಸಬ್ಬಸಿಗೆ ಸೇರಿಸಿದರೆ ಜೇನು ಕಟ್ಟೆಯ ಕಡೆ ಬರುವ ಕಾರಣವೇ ಕಡಿಮೆ ಆಗುತ್ತದೆ. ಮೂಲೆಗೂ ಕಟ್ಟೆಗೂ ನಡುವೆ ಆಳೆತ್ತರದ ಬೇಲಿಯೋ ಬಳ್ಳಿ ಹಬ್ಬಿಸಿದ ತಡಿಕೆಯೋ ಇದ್ದರೆ ಜೇನು ಅದನ್ನು ದಾಟಲು ಮೇಲೇರುತ್ತದೆ. ಆಗ ಅದರ ಹಾರಾಟದ ದಾರಿ ನಿಮ್ಮ ತಲೆಯ ಮೇಲಕ್ಕೆ ಹೋಗುತ್ತದೆ. ಜೇನು ಸಾಕುವವರು ಪೆಟ್ಟಿಗೆಯ ಮುಂದೆ ಇದೇ ಉಪಾಯ ಮಾಡುತ್ತಾರೆ.

ತುಳಸಿ ಬಾಗಿಲ ಹತ್ತಿರವೇ ಬೇಕು ಅನ್ನುವುದಾದರೆ ತೆನೆ ಮೂಡಿದ ಕೂಡಲೇ ಚಿವುಟುತ್ತಾ ಬನ್ನಿ. ಹೂ ಇಲ್ಲದ ತುಳಸಿಯ ಹತ್ತಿರ ಜೇನು ಸುಳಿಯುವುದಿಲ್ಲ, ಗಿಡವೂ ಪೊದೆಯಾಗಿ ಚಿಗುರುತ್ತದೆ. ಕಟ್ಟೆಯ ಹತ್ತಿರ ಬಣ್ಣ ಬೇಕಾದರೆ ಕ್ರೋಟನ್, ಜರೀಗಿಡ, ಬಣ್ಣದೆಲೆಯ ಕೋಲಿಯಸ್ ಇಡಿ. ಕೋಲಿಯಸ್‌ನ ಹೂ ಮಾತ್ರ ಚಿವುಟಿ, ಅದು ತುಳಸಿಯ ಬಳಗವೇ. ಪರಿಮಳ ಬೇಕಾದರೆ ಸಂಜೆ ಅರಳುವ ಬಿಳಿ ಮಲ್ಲಿಗೆಯ ಜಾತಿಗಳನ್ನು ಹಾಕಿ. ಅವು ಕಾಯುವುದು ರಾತ್ರಿಯ ಪತಂಗಗಳಿಗೆ. ರಾತ್ರಿ ಹೊರಗಿನ ದೀಪ ಮಾತ್ರ ಸುಮ್ನೆ ಉರಿಸಬೇಡಿ. ಹೆಜ್ಜೇನು ಬೆಳದಿಂಗಳಲ್ಲೂ ಹಾರುತ್ತದೆ, ದೀಪದ ಬೆಳಕಿಗೆ ಬಂದು ನೆಲಕ್ಕೆ ಬೀಳುತ್ತದೆ, ಬರಿಗಾಲಿಗೆ ಸಿಗುತ್ತದೆ.

ನೀರನ್ನೂ ಗಮನಿಸಿ. ಬೇಸಿಗೆಯಲ್ಲಿ ಹೂವಿಗಿಂತ ಹೆಚ್ಚಾಗಿ ನೀರೇ ಜೇನನ್ನು ಮನೆಗೆ ಕರೆಯುತ್ತದೆ. ಗೂಡನ್ನು ತಂಪಾಗಿಡಲು ಅವು ನೀರು ಹೊರುತ್ತವೆ. ತೊಟ್ಟಿಕ್ಕುವ ನಲ್ಲಿ, ಕುಂಡದ ಕೆಳಗಿನ ತಟ್ಟೆ, ಏಸಿಯ ನೀರು ಬೀಳುವ ಜಾಗ, ಎಲ್ಲೆಲ್ಲಿ ಒದ್ದೆ ಇದೆಯೋ ಅಲ್ಲೆಲ್ಲ ಬರುತ್ತವೆ. ನಲ್ಲಿ ರಿಪೇರಿ ಮಾಡಿಸಿ, ಆ ದೂರದ ಮೂಲೆಯಲ್ಲೇ ಒಂದು ಅಗಲ ತಟ್ಟೆಯಲ್ಲಿ ಕಲ್ಲು ಹರಡಿ ನೀರಿಡಿ. ಸೊಳ್ಳೆ ಆಗದ ಹಾಗೆ ದಿನಾ ಬದಲಾಯಿಸಿ. ಇನ್ನೊಂದು ತಟ್ಟೆಯಲ್ಲಿ ಒದ್ದೆ ಮರಳು ಹಾಕಿ, ಚಿಟಿಕೆ ಉಪ್ಪು ಬೆರೆಸಿದರೆ ಗಂಡು ಚಿಟ್ಟೆಗಳು ಕೂತು ಹೀರುತ್ತವೆ. ಹೂವಿನಲ್ಲಿ ಸಿಗದ ಉಪ್ಪಿನಂಶ ಅವಕ್ಕೆ ಬೇಕು, ಕೂಡುವಾಗ ಅದನ್ನು ಹೆಣ್ಣಿಗೆ ದಾಟಿಸುತ್ತವೆ. ಬಿದ್ದ ಹಣ್ಣು, ಸಿಹಿಯ ತಟ್ಟೆ ಕಟ್ಟೆಯ ಹತ್ತಿರ ಬಿಡಬೇಡಿ. ಅದಕ್ಕೆ ಬರುವುದು ಹೆಚ್ಚಾಗಿ ಕಣಜ. ಕಣಜದ ಕೊಂಡಿ ಚರ್ಮದಲ್ಲಿ ಸಿಕ್ಕಿಕೊಳ್ಳುವುದು ಅಪರೂಪ, ಹಾಗಾಗಿ ಅದು ಮತ್ತೆ ಮತ್ತೆ ಕಚ್ಚಬಲ್ಲದು.

ಔಷಧಿಯ ವಿಷಯದಲ್ಲಿ ನಾನು ಖಡಾಖಂಡಿತ. ಇಮಿಡಾಕ್ಲೋಪ್ರಿಡ್‌ನಂಥ ಕೀಟನಾಶಕ ಎಲೆಯ ಮೇಲೆ ನಿಲ್ಲುವುದಿಲ್ಲ, ಗಿಡದ ರಸದೊಳಗೆ ಸೇರುತ್ತದೆ. ಅಲ್ಲಿಂದ ಮಕರಂದಕ್ಕೆ, ಪರಾಗಕ್ಕೆ ಹೋಗುತ್ತದೆ. ಯುರೋಪಿಯನ್ ಒಕ್ಕೂಟ 2018ರಲ್ಲಿ ಈ ಗುಂಪಿನ ಮೂರು ಔಷಧಿಗಳನ್ನು ಬಯಲಿನಲ್ಲಿ ಬಳಸದಂತೆ ನಿಷೇಧಿಸಿದ್ದು ಜೇನಿನ ಸಲುವಾಗಿಯೇ. ಬೇವಿನೆಣ್ಣೆ ಸಾವಯವ ನಿಜ, ಆದರೆ ಚಿಟ್ಟೆಯ ಹುಳುವಿಗೆ ಅದೂ ವಿಷವೇ. ನರ್ಸರಿಯಿಂದ ತಂದ ಹೊಸ ಗಿಡಕ್ಕೆ ಮೊದಲೇ ಔಷಧಿ ಹೊಡೆದಿರಬಹುದು. ನಾನೊಮ್ಮೆ ಕೇಳದೆ ತಂದ ಕರಿಬೇವಿನ ಸಸಿಯ ಮೇಲೆ ಏಳು ಹುಳುಗಳು ಎರಡೇ ದಿನದಲ್ಲಿ ಕಪ್ಪಾಗಿ ಬಾಗಿ ಬಿದ್ದವು. ಆ ದೃಶ್ಯ ಇವತ್ತಿಗೂ ಮರೆತಿಲ್ಲ. ಈಗ ಮೊದಲೇ ಕೇಳುತ್ತೇನೆ. ಸರಿಯಾದ ಉತ್ತರ ಸಿಗದಿದ್ದರೆ ಬೀಜದಿಂದಲೋ ಯಾರದೋ ಮನೆಯ ಕಡ್ಡಿಯಿಂದಲೋ ಬೆಳೆಸಿಕೊಳ್ಳುತ್ತೇನೆ.

ಕೊನೆಗೆ ನಿಮ್ಮ ನಿಂಬೆ ಗಿಡ. ಮಗಳನ್ನು ಕರೆದುಕೊಂಡು ಹೋಗಿ, ಎಳೆ ಎಲೆಗಳನ್ನು ನಿಧಾನವಾಗಿ ನೋಡಿ. ಗುಂಡಗೆ, ತಿಳಿ ಹಳದಿ, ರಾಗಿ ಕಾಳಿನಷ್ಟು ಚಿಕ್ಕದು ಕಂಡರೆ ಅದು ಮೊಟ್ಟೆ. ಎಲೆಯ ಮೇಲೆ ಹಕ್ಕಿ ಹಿಕ್ಕೆ ಬಿದ್ದ ಹಾಗೆ ಕಂದು ಬಿಳಿ ಕಲೆ ಇದ್ದರೆ ಒರೆಸಬೇಡಿ, ಅದು ಎಳೆಯ ಹುಳು. ಹಕ್ಕಿ ತಿನ್ನದಿರಲಿ ಅಂತ ಹಾಕಿಕೊಂಡ ವೇಷ ಅದು. ದೊಡ್ಡದಾದ ಮೇಲೆ ಎಲೆಯ ಹಸಿರಿಗೇ ತಿರುಗುತ್ತದೆ, ನೀವು ನೋಡಿದ್ದು ಅದನ್ನೇ. ಹುಲ್ಲುಕಡ್ಡಿಯಿಂದ ಮೆಲ್ಲಗೆ ಮುಟ್ಟಿದರೆ ತಲೆಯ ಹಿಂದಿನಿಂದ ಕಿತ್ತಳೆ ಬಣ್ಣದ ಕವಲು ಕೊಂಬೊಂದು ಛಕ್ಕನೆ ಹೊರಬರುತ್ತದೆ, ಜೊತೆಗೆ ಒಂದು ಘಾಟು ವಾಸನೆ. ಕೊಂಬು ಕಂಡರೆ ಇದು ನಿಂಬೆ ಚಿಟ್ಟೆಯ ಬಳಗ ಅಂತ ಖಾತ್ರಿ. ಕಚ್ಚುವುದಿಲ್ಲ, ಚುಚ್ಚುವುದಿಲ್ಲ. ಒಂದು ಸಲ ನೋಡಿದರೆ ಸಾಕು, ಪದೇಪದೇ ಕೆಣಕಬೇಡಿ.

ಹುಳುಗಳು ಹೆಚ್ಚಾಗಿ ಗಿಡ ಬೋಳಾಗುತ್ತಿದ್ದರೆ ಕೆಲವನ್ನು ಎಲೆಯ ಸಮೇತ ಕಿತ್ತು ಬೇರೆ ನಿಂಬೆ ಅಥವಾ ಕರಿಬೇವಿನ ಗಿಡಕ್ಕೆ ಬಿಡಿ. ಆರೋಗ್ಯವಾದ ನಿಂಬೆ ಮತ್ತೆ ಚಿಗುರುತ್ತದೆ, ನೀರು ಗೊಬ್ಬರ ಸರಿಯಾಗಿ ಹಾಕಿ. ಇನ್ನೊಂದು ನಿಂಬೆ ಸಸಿಯನ್ನು ಹುಳುಗಳಿಗೆಂದೇ ಕಟ್ಟೆಯ ಪಕ್ಕ ಇಟ್ಟುಬಿಡಿ. ಕುಂಡದ ಎಳೆ ಗಿಡ ಹೂ ಬಿಡಲು ಕಾಲ ಬೇಕು, ಅಲ್ಲಿಯ ತನಕ ಅದಕ್ಕೆ ಜೇನೂ ಬರುವುದಿಲ್ಲ.

ಮೊಟ್ಟೆಯಿಂದ ಚಿಟ್ಟೆಯವರೆಗೆ ಬೆಚ್ಚಗಿನ ದಿನಗಳಲ್ಲಿ ಸುಮಾರು ಒಂದು ತಿಂಗಳು. ಒಂದು ದಿನ ಹುಳು ತಿನ್ನುವುದನ್ನು ನಿಲ್ಲಿಸಿ ಅತ್ತಿತ್ತ ಅಲೆಯುತ್ತದೆ. ಕಳೆದುಹೋಯಿತು ಅಂತ ಹುಡುಕಬೇಡಿ. ಕಡ್ಡಿಗೋ ಗೋಡೆಗೋ ಬಾಲದ ತುದಿ ಅಂಟಿಸಿ, ಸೊಂಟಕ್ಕೊಂದು ರೇಷ್ಮೆ ದಾರ ಕಟ್ಟಿಕೊಂಡು, ಹಿಂದಕ್ಕೆ ಒರಗಿ ಕೋಶವಾಗುತ್ತದೆ. ಹತ್ತು ಹನ್ನೆರಡು ದಿನ ಮುಟ್ಟಬೇಡಿ. ಕೋಶ ಕಪ್ಪಗಾಗಿ, ಒಳಗಿನ ರೆಕ್ಕೆಯ ಹಳದಿ ಚುಕ್ಕೆಗಳು ಹೊರಗೇ ಕಾಣತೊಡಗಿದರೆ ಮರುದಿನ ಬೆಳಿಗ್ಗೆ ಮಕ್ಕಳಿಬ್ಬರನ್ನೂ ಬೇಗ ಎಬ್ಬಿಸಿ. ಹೊರಬಂದಾಗ ರೆಕ್ಕೆ ಒದ್ದೆ ಕಾಗದದ ಹಾಗೆ ಮುದುಡಿರುತ್ತದೆ. ಜೋತುಬಿದ್ದು, ಮೈಯೊಳಗಿನ ದ್ರವವನ್ನು ರೆಕ್ಕೆಗೆ ತುಂಬಿ ತುಂಬಿ ಬಿಡಿಸಿಕೊಳ್ಳುತ್ತದೆ. ಹಾರಲು ಇನ್ನೂ ಒಂದೆರಡು ಗಂಟೆ ಬೇಕು. ಆ ಹೊತ್ತಿನಲ್ಲಿ ಮೆಲ್ಲಗೆ ಬೆರಳು ಮುಂದಿಟ್ಟರೆ ಅದು ತಾನಾಗಿ ಹತ್ತಿ ಕೂರುವುದೂ ಉಂಟು. ಆ ಬೆರಳು ನಿಮ್ಮ ಮಗನದಾಗಲಿ.